ಅಗ್ರಪೂಜೆಯೂ ಪಾದಪ್ರಕ್ಷಾಲನೆಯೂ



ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಪ್ರತಿವರ್ಷವೂ ಶ್ರಾವಣ ಬಹುಳದಲ್ಲಿ ಗುರುರಾಯರ ಆರಾಧನೆಯು ಊರೂರಿನ ಮಠಮಂದಿರಗಳಲ್ಲಿ ಮೂರು ದಿನಗಳ ಕಾಲ ನೆರವೇರುತ್ತದೆ. ಪಂಚಾಮೃತಾಭಿಷೇಕ, ಹಸ್ತೋದಕ, ಪ್ರವಚನ, ರಥೋತ್ಸವ ಇವೆಲ್ಲವೂ ಆಮಂತ್ರಣಪತ್ರಿಕೆಯಲ್ಲಿ ಗಂಟೆಸಹಿತವಾಗಿ ಅಚ್ಚಾಗುತ್ತವೆ. ಅಚ್ಚಾಗದೆ ಉಳಿಯುವ ಕಾರ್ಯಕ್ರಮವೂ ಒಂದಿದೆ. ನಸುಕಿನಲ್ಲೆದ್ದು ಮಡಿಯುಟ್ಟು ಒಲೆ ಹೊತ್ತಿಸುವವರು, ಬಾವಿಯಿಂದ ಮಡಿನೀರು ತರುವವರು, ಹೂಬತ್ತಿ ಹೊಸೆಯುವ ಮುತ್ತೈದೆಯರು, ಪಂಕ್ತಿಯಿಂದ ಪಂಕ್ತಿಗೆ ಸಟ್ಟುಗ ಹಿಡಿದು ಓಡುವ ಹುಡುಗರು, ಕೊನೆಯ ಪಂಕ್ತಿಯು ಎದ್ದಮೇಲೆ ಎಂಜಲೆಲೆ ತೆಗೆದು ನೆಲ ಸಾರಿಸುವವರು, ಹಂಡೆ ಕೊಪ್ಪರಿಗೆ ಬೆಳಗುವವರು ಇವರ ಕಾರ್ಯಕ್ರಮವೇ ಅದು. ಉತ್ತರಾರಾಧನೆಯ ರಾತ್ರಿ ವೇದಿಕೆಯ ಮೇಲೆ ಗಣ್ಯರಿಗೆ ಶಾಲು ಹೊದಿಸುವ ಹೊತ್ತಿಗೆ ಇವರಲ್ಲಿ ಬಹುಮಂದಿ ಇನ್ನೂ ಪಾತ್ರೆಗಳ ನಡುವೆಯೇ ಇರುತ್ತಾರೆ.

ಸೇವೆ ಮಾಡಿದವರಿಗೆ ಸನ್ಮಾನ ಬೇಕೆ, ಬೇಡವೆ? ಈ ಪ್ರಶ್ನೆಯು ಎಲ್ಲ ಊರುಗಳಲ್ಲಿಯೂ ಉತ್ಸವ ಮುಗಿದ ಮರುವಾರ ಎದ್ದೇ ಏಳುತ್ತದೆ. ಭಗವಂತನ ಸೇವೆಗೆ ಮನುಷ್ಯರ ಮನ್ನಣೆಯನ್ನು ಅಪೇಕ್ಷಿಸುವುದು ಫಲಕಾಮನೆಯೇ ಸರಿ, ಆದುದರಿಂದ ಯಾರನ್ನೂ ಕರೆಯಬೇಕಾಗಿಲ್ಲವೆಂದು ಹಿರಿಯರು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರ ಮನೆಯ ಕಪಾಟಿನಲ್ಲಿ ಮಡಿಸಿಟ್ಟ ಶಾಲುಗಳು ಎಷ್ಟಿವೆಯೆಂಬುದನ್ನು ನಾವು ವಿಚಾರಿಸಲು ಹೋಗುವುದಿಲ್ಲ. ಆದರೆ ನಾವು ಬಲ್ಲ ಒಂದು ಊರಿನಲ್ಲಿ ಆರು ವರ್ಷಗಳ ಕಾಲ ಮೂರೂ ದಿನ ರಜೆ ಹಾಕಿ ಬಡಿಸಲು ಬರುತ್ತಿದ್ದ ತರುಣನೊಬ್ಬನು ಏಳನೆಯ ವರ್ಷ ಬರಲಿಲ್ಲ. ಕಾರಣವನ್ನು ಅವನು ಹೇಳಲಿಲ್ಲ. ಅವನ ತಾಯಿ ಹೇಳಿದರು. "ಶಾಲು ಯಾರಿಗೆ ಬೇಕಾಗಿತ್ತು ಆಚಾರ್ಯರೇ? ಅವನ ಹೆಸರೇನೆಂದು ಆರು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ." ಈ ಮಾತಿಗೆ ಫಲಕಾಮನೆಯೆಂದು ಹೆಸರಿಟ್ಟು ಸುಮ್ಮನಾಗುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಶ್ರೀಮದಾಚಾರ್ಯರ ಸಿದ್ಧಾಂತವು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ. ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಕರ್ತೃತ್ವವಿಲ್ಲದಿದ್ದರೆ ಇದನ್ನು ಮಾಡು, ಅದನ್ನು ಬಿಡು ಎಂಬ ಶಾಸ್ತ್ರವಾಕ್ಯಗಳೆಲ್ಲ ವ್ಯರ್ಥವಾಗುತ್ತವೆ. ಕರ್ತೃತ್ವವುಂಟು, ಆದರೆ ಅದು ಶ್ರೀಹರಿಯ ಅಧೀನ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಆಚಾರ್ಯರು ಹೀಗೆಯೇ ವಿವರಿಸಿದ್ದಾರೆ. ಬಡಗಿಯು ಕೆಲಸ ಮಾಡಿಸುವವನ ಅಧೀನನೂ ಹೌದು, ಉಳಿ ಹಿಡಿದು ಮರ ಕೆತ್ತುವ ಕರ್ತನೂ ಹೌದು. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಇದರಿಂದ ನಮಗೆ ದೊರೆಯುವ ನಿರ್ಣಯವಾದರೂ ಎರಡು ಬಗೆಯದು. ಕೊಪ್ಪರಿಗೆ ಬೆಳಗಿದವನು ನಿಜವಾಗಿಯೂ ಬೆಳಗಿದ್ದಾನೆ, ಆದುದರಿಂದ ಅವನನ್ನು ಸ್ಮರಿಸದಿರುವುದು ಸುಳ್ಳಾಗುತ್ತದೆ. ಬೆಳಗುವ ಶಕ್ತಿಯನ್ನು ಅವನಿಗೆ ಕೊಟ್ಟವನು ಬೇರೊಬ್ಬನಿದ್ದಾನೆ, ಆದುದರಿಂದ ನಾನೇ ಎಲ್ಲವನ್ನೂ ಮಾಡಿದೆನೆಂದು ಅವನು ಬೀಗುವುದೂ ಸುಳ್ಳಾಗುತ್ತದೆ. ಮೊದಲನೆಯ ಸುಳ್ಳಿಗೆ ಸಮಿತಿಯವರು ಹೊಣೆ, ಎರಡನೆಯದಕ್ಕೆ ಸೇವಕನು ಹೊಣೆ. ಒಬ್ಬರ ಹೊಣೆಯನ್ನು ಮತ್ತೊಬ್ಬರಿಗೆ ಉಪದೇಶಿಸುವುದರಿಂದಲೇ ನಮ್ಮಲ್ಲಿ ಇಷ್ಟೊಂದು ಮನಸ್ತಾಪ.

ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಜನ ರಾಜಸೂಯಯಾಗದ ಸಂದರ್ಭವನ್ನು ತಾವೆಲ್ಲರೂ ಕೇಳಿದ್ದೀರಿ. ಅಲ್ಲಿ ಕೆಲಸಗಳನ್ನು ಹಂಚಿದ ಬಗೆಯನ್ನು ಇನ್ನೊಮ್ಮೆ ನೋಡೋಣ. ಭಕ್ಷ್ಯಭೋಜ್ಯಗಳ ವ್ಯವಸ್ಥೆ ದುಃಶಾಸನನಿಗೆ, ಬ್ರಾಹ್ಮಣರನ್ನು ಎದುರುಗೊಳ್ಳುವುದು ಅಶ್ವತ್ಥಾಮನಿಗೆ, ರಾಜರ ಉಪಚಾರ ಸಂಜಯನಿಗೆ, ಯಾವುದು ಆಯಿತು, ಯಾವುದು ಆಗಲಿಲ್ಲವೆಂಬುದರ ಮೇಲ್ವಿಚಾರಣೆ ಭೀಷ್ಮದ್ರೋಣರಿಗೆ, ಸುವರ್ಣರತ್ನಗಳ ಪರಿಶೀಲನೆ ಕೃಪಾಚಾರ್ಯರಿಗೆ, ವೆಚ್ಚ ವಿದುರನಿಗೆ, ಬಂದ ಕಪ್ಪಕಾಣಿಕೆಗಳ ಸ್ವೀಕಾರ ದುರ್ಯೋಧನನಿಗೆ. ಬ್ರಾಹ್ಮಣರ ಪಾದಗಳನ್ನು ತೊಳೆಯುವ ಕೆಲಸವನ್ನು ಯಾರೂ ಹಂಚಲಿಲ್ಲ; ಅದನ್ನು ಶ್ರೀಕೃಷ್ಣನು ತಾನಾಗಿ ವಹಿಸಿಕೊಂಡನು.

ಅನಂತರ ಅಗ್ರಪೂಜೆಯ ಪ್ರಸ್ತಾಪ ಬಂದಿತು. ಮೊದಲ ಅರ್ಘ್ಯವು ಯಾರಿಗೆಂದು ಧರ್ಮರಾಜನು ಭೀಷ್ಮರನ್ನು ಕೇಳಿದನು. ಅವರು ಶ್ರೀಕೃಷ್ಣನೆಂದರು. ಸಹದೇವನು ಅರ್ಘ್ಯವನ್ನು ಅರ್ಪಿಸಿದನು. ಪಾದ ತೊಳೆದುದರಿಂದ ಕೃಷ್ಣನಿಗೆ ಅಗ್ರಪೂಜೆ ದೊರೆಯಿತೆಂದು ಹೇಳಿದರೆ ಅದು ಸಿದ್ಧಾಂತವಿರೋಧವಾಗುತ್ತದೆ. ಸರ್ವೋತ್ತಮನಾದುದರಿಂದಲೇ ಅವನಿಗೆ ಅದು ಸಂದಿತು. ಆದರೆ ಆ ಸರ್ವೋತ್ತಮನಿಗೆ ನೀರಿನ ತಂಬಿಗೆ ಹಿಡಿಯುವುದು ಕಡಮೆಯೆಂದು ತೋರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಆಗ ಶಿಶುಪಾಲನು ಎದ್ದು ನಿಂತನು. ಅವನ ಆಕ್ಷೇಪವನ್ನು ನಿಧಾನವಾಗಿ ಕೇಳಿ ನೋಡಿರಿ, ನಮ್ಮ ಊರಿನ ಸಭೆಯಲ್ಲಿಯೇ ಕುಳಿತಂತೆ ಭಾಸವಾಗುತ್ತದೆ. ವಯಸ್ಸಿಗೆ ಮನ್ನಣೆಯಾದರೆ ವಸುದೇವನಿದ್ದಾನಲ್ಲ! ಹಿತೈಷಿಗೆ ಆದರೆ ದ್ರುಪದನಿದ್ದಾನೆ. ಆಚಾರ್ಯರಿಗೆ ಆದರೆ ದ್ರೋಣರು, ಋತ್ವಿಜರಿಗೆ ಆದರೆ ವ್ಯಾಸರು ಕುಳಿತಿದ್ದಾರೆ. ಇವರನ್ನೆಲ್ಲ ಬಿಟ್ಟು ಇವನಿಗೇಕೆ ಎಂಬುದು ಅವನ ವಾದ. ಮೇಲುನೋಟಕ್ಕೆ ಅದು ಅನ್ಯರ ಪರವಾದ ವಾದವೇ. ವಸುದೇವನಾಗಲಿ ದ್ರುಪದನಾಗಲಿ ದ್ರೋಣರಾಗಲಿ ವ್ಯಾಸರಾಗಲಿ ತಮಗೆ ಅನ್ಯಾಯವಾಯಿತೆಂದು ಬಾಯಿ ತೆರೆಯಲಿಲ್ಲ. ಯಾರ ಹೆಸರನ್ನು ಹಿಡಿದು ಜಗಳವೆದ್ದಿತೋ ಅವರಿಗೆ ಜಗಳ ಬೇಕಾಗಿರಲಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಸನ್ಮಾನದ ಪಟ್ಟಿ ಓದಿದ ಮರುದಿನ "ಪಾಪ, ಅವರನ್ನು ಕರೆಯಲಿಲ್ಲವಲ್ಲ" ಎಂದು ಮನೆಮನೆಗೆ ಹೋಗಿ ಕನಿಕರ ತೋರುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

ದುರ್ಯೋಧನನ ವಿಚಾರವನ್ನೂ ಬಿಡುವಂತಿಲ್ಲ. ಅವನೂ ಒಂದು ಅರ್ಥದಲ್ಲಿ ಆ ಯಾಗದ ಸ್ವಯಂಸೇವಕನೇ. ಕಾಣಿಕೆ ಸ್ವೀಕರಿಸುವ ಸ್ಥಾನದಲ್ಲಿ ಕುಳಿತು, ಬರುವ ಸಂಪತ್ತನ್ನೆಲ್ಲ ಕೈಯಾರೆ ತೆಗೆದುಕೊಂಡು ಅವನ ಕೈಗಳು ಸೋತವು. ಹಸ್ತಿನಾಪುರಕ್ಕೆ ಮರಳಿ ತಂದೆಯ ಮುಂದೆ ಅದನ್ನೇ ಹೇಳಿಕೊಂಡು ಉರಿದನು. ಅದೇ ಹಣವನ್ನು ವೆಚ್ಚಮಾಡಿದ ವಿದುರನಿಗೆ ಏನೂ ಅಂಟಲಿಲ್ಲ. ಕೆಲಸದ ಶ್ರಮ ಇಬ್ಬರಿಗೂ ಇತ್ತು, ಮನಸ್ಸು ಮಾತ್ರ ಬೇರೆ. ಲೆಕ್ಕದ ಮೇಜಿಗೆ ಯಾರನ್ನು ಕೂರಿಸಬೇಕೆಂಬುದು ಸಮಿತಿಗಳಿಗೆ ಸಣ್ಣ ವಿಷಯವಲ್ಲ.

ಇನ್ನು ಮುಂದಾಳುಗಳ ಮಾತು. ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಈಶ್ವರದೇವನೆಂಬ ರಾಜನ ಕಥೆ ಬರುತ್ತದೆ. ಅವನು ಕೆರೆ ತೋಡಿಸುತ್ತಿದ್ದನು. ಕೆಲಸ ಒಳ್ಳೆಯದೇ, ಆದರೆ ದಾರಿಹೋಕರನ್ನು ಹಿಡಿದು ಬಲಾತ್ಕಾರದಿಂದ ಅಗೆಯಿಸುತ್ತಿದ್ದನು. ಸಂಚಾರದಲ್ಲಿದ್ದ ಆಚಾರ್ಯರಿಗೂ ಅಗೆಯಲು ಅಪ್ಪಣೆಯಾಯಿತು. ಹೇಗೆ ಅಗೆಯಬೇಕೆಂಬುದನ್ನು ಮೊದಲು ತಾನೇ ತೋರಿಸೆಂದು ಆಚಾರ್ಯರು ಕೇಳಿದರು. ತೋರಿಸಲು ಹೊರಟ ರಾಜನು ಅಗೆಯುತ್ತಲೇ ಉಳಿದನು, ನಿಲ್ಲಿಸಲಾರದೆ ಹೋದನು. ನಮ್ಮ ಸಮಿತಿಯ ಪದಾಧಿಕಾರಿಗಳಿಗೆ ಇಷ್ಟು ಕಷ್ಟ ಕೊಡುವುದು ನಮ್ಮ ಉದ್ದೇಶವಲ್ಲ!

ಉಡುಪಿಯಲ್ಲಿ ಅಧಿಕಾರ ಬದಲಾಗುವಾಗ ಯಾವ ವಸ್ತು ಕೈಯಿಂದ ಕೈಗೆ ಬರುತ್ತದೆಂಬುದನ್ನು ಬಲ್ಲಿರಿ. ಗರ್ಭಗುಡಿಯ ಕೀಲಿಕೈಯೊಂದಿಗೆ ಅಕ್ಷಯಪಾತ್ರೆ ಮತ್ತು ಸಟ್ಟುಗ. ಅನ್ನ ಬಡಿಸುವ ಉಪಕರಣವೇ ಅಲ್ಲಿ ಅಧಿಕಾರದ ಚಿಹ್ನೆ. ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ಶ್ರೀವಾದಿರಾಜತೀರ್ಥರು ಎರಡು ವರ್ಷಗಳ ಪರ್ಯಾಯವನ್ನಾಗಿ ಮಾಡಿದರೆಂಬುದು ಪರಂಪರೆಯ ಮಾತು. ಎಂಟು ಮಠಗಳಾದುದರಿಂದ ಒಂದು ಮಠದ ಸರದಿ ಮರಳಿ ಬರಲು ಹದಿನಾರು ವರ್ಷಗಳು ಬೇಕು. ಪೇಜಾವರದ ಶ್ರೀವಿಶ್ವೇಶತೀರ್ಥ ಶ್ರೀಪಾದರು 1952, 1968, 1984, 2000 ಮತ್ತು 2016ರಲ್ಲಿ ಪೀಠವೇರಿ ಐದು ಪರ್ಯಾಯಗಳನ್ನು ನಡೆಸಿದರು. ಪ್ರತಿಸಲವೂ ಎರಡು ವರ್ಷ ತುಂಬಿದೊಡನೆ ಸಟ್ಟುಗವನ್ನು ಮುಂದಿನವರ ಕೈಗಿತ್ತು ಇಳಿದರು. ಪರ್ಯಾಯಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಊರೂರಿನಿಂದ ಹೊರೆಕಾಣಿಕೆ ಬಂದು ಉಗ್ರಾಣ ತುಂಬುತ್ತದೆ. ಆ ತೆಂಗಿನಕಾಯಿಗಳ ರಾಶಿಯಲ್ಲಿ ಯಾವುದು ಯಾರ ಮನೆಯದೆಂದು ಯಾರೂ ಬೇರ್ಪಡಿಸಲಾರರು. ನಮ್ಮ ಸಮಿತಿಗಳಲ್ಲಾದರೋ ಹದಿನೈದು ವರ್ಷ ಒಬ್ಬರೇ ಅಧ್ಯಕ್ಷರಾಗಿದ್ದು, ತರುಣರು ಮುಂದೆ ಬರುವುದಿಲ್ಲವೆಂದು ವಾರ್ಷಿಕ ವರದಿಯಲ್ಲಿ ವಿಷಾದಿಸುವುದುಂಟು. ಸಟ್ಟುಗವನ್ನು ಕೈಬಿಡದೆ ಹಿಡಿದುಕೊಂಡರೆ ಎದುರಿನವನು ಕೈ ಚಾಚುವುದಾದರೂ ಹೇಗೆ?

ನಮ್ಮ ವಿನಂತಿ ಇಷ್ಟು. ಶಾಲು, ಸ್ಮರಣಿಕೆ, ಹಾರಗಳ ವೆಚ್ಚವನ್ನು ಕಡಮೆ ಮಾಡಿ ಎಲ್ಲ ಸೇವಕರಿಗೂ ಫಲಮಂತ್ರಾಕ್ಷತೆಯನ್ನು ಕೊಡಿಸಬೇಕು. ಅದನ್ನು ರಾತ್ರಿಯ ಸಭೆಗೆ ಮುಂದೂಡದೆ, ಮಂಗಳಾರತಿಯಾದ ಕೂಡಲೇ, ದೇವರ ಎದುರಿನಲ್ಲಿಯೇ, ಹೆಸರು ಗೋತ್ರ ಹೇಳಿ ಕೊಡಿಸಬೇಕು. "ಮಹಿಳಾ ಮಂಡಳಿಯವರಿಗೆ ವಂದನೆಗಳು" ಎಂದು ಮೂವತ್ತು ಜನ ತಾಯಂದಿರನ್ನು ಒಂದೇ ಮಾತಿನಲ್ಲಿ ಮುಗಿಸಬಾರದು. ಅವರವರ ಹೆಸರಿದೆ, ಓದಲು ಐದು ನಿಮಿಷ ಸಾಕು. ಮಡಿಯ ಕೆಲಸದವರನ್ನು ಮಾತ್ರ ಎಣಿಸಿ, ಚಪ್ಪರ ಕಟ್ಟಿದವರನ್ನೂ ಚಪ್ಪಲಿ ಕಾಯ್ದವರನ್ನೂ ಬಿಡಬಾರದು.

ಇನ್ನೊಂದು ಮಾತು. ಮೂರನೆಯ ದಿನ ಬಡಿಸಿದವರೆಲ್ಲರೂ ಸೇರಿ ಉಣ್ಣುವ ಕೊನೆಯ ಪಂಕ್ತಿಗೆ ಬಡಿಸುವವರು ಯಾರೂ ಉಳಿದಿರುವುದಿಲ್ಲ. ಅವರೇ ಎದ್ದು ಬಡಿಸಿಕೊಂಡು ಕೂರುತ್ತಾರೆ, ಎಷ್ಟೋ ಸಲ ಬರಿಯ ಸಾರು ಅನ್ನದಲ್ಲಿ ಎದ್ದುಹೋಗುತ್ತಾರೆ. ಆ ಪಂಕ್ತಿಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಪಂಚೆ ಬಿಗಿದು ಬಡಿಸಲು ನಿಲ್ಲಲಿ. ಪಾಯಸವನ್ನು ಒಂದು ಪಾತ್ರೆಯಲ್ಲಿ ಬೇರೆಯಾಗಿ ಮೊದಲೇ ತೆಗೆದಿರಿಸುವಂತೆ ಅಡಿಗೆಯವರಿಗೆ ಬೆಳಗಿನಲ್ಲಿಯೇ ತಿಳಿಸಿರಬೇಕು.

ಶ್ರೀಕೃಷ್ಣಾರ್ಪಣಮಸ್ತು