ಗ್ರಂಥಋಣದಲ್ಲಿ ಸೇರದ ಹೆಸರುಗಳು

ಕನ್ನಡದ ಪಿಎಚ್.ಡಿ. ಪ್ರಬಂಧಗಳ ಕೊನೆಗೆ ಬರುವ ಪುಸ್ತಕಪಟ್ಟಿಯನ್ನು ಅನೇಕರು ‘ಗ್ರಂಥಋಣ’ ಎಂದು ಕರೆಯುತ್ತಾರೆ. ಒಳ್ಳೆಯ ಮಾತು. ‘ಬಿಬ್ಲಿಯಾಗ್ರಫಿ’ ಎಂದಾಗ ಅದು ಬರೀ ಪಟ್ಟಿ, ‘ಗ್ರಂಥಋಣ’ ಎಂದ ಕೂಡಲೇ ಸಾಲವಾಗುತ್ತದೆ. ಓದಿದ್ದು ಯಾರಿಂದಲೋ ಪಡೆದದ್ದು, ಪಡೆದದ್ದನ್ನು ಹೆಸರು ಹಿಡಿದು ಹೇಳಬೇಕು ಎಂಬ ಒಪ್ಪಂದ ಆ ಪದದೊಳಗೇ ಇದೆ. ತೊಡಕು ಏನೆಂದರೆ, ನನ್ನ ಓರಗೆಯ ಸಂಶೋಧನಾರ್ಥಿಗಳು ಕಲಿಯುತ್ತಿರುವುದರಲ್ಲಿ ದೊಡ್ಡದೊಂದು ಪಾಲು ಗ್ರಂಥಗಳಿಂದ ಬರುತ್ತಿಲ್ಲ. ವಾಟ್ಸಾಪ್ ಗುಂಪುಗಳಿಂದ, ಟೆಲಿಗ್ರಾಂ ಚಾನೆಲ್‌ಗಳಿಂದ, ಫೇಸ್‌ಬುಕ್ಕಿನ ಕಮೆಂಟುಗಳಿಂದ ಬರುತ್ತಿದೆ. ಆ ಸಾಲವನ್ನು ಎಲ್ಲಿ ಬರೆಯುವುದು?

ಶಿಕ್ಷಣಶಾಸ್ತ್ರದವರು ಇದಕ್ಕೆ ‘ಪರ್ಸನಲ್ ಲರ್ನಿಂಗ್ ನೆಟ್‌ವರ್ಕ್’ ಎನ್ನುತ್ತಾರೆ. ನೆಟ್‌ವರ್ಕನ್ನು ನಾವು ‘ಜಾಲ’ ಮಾಡಿಕೊಂಡಿದ್ದೇವೆ. ಜಾಲ ಎಂದರೆ ಬಲೆ. ಬಲೆಗೆ ಬೀಸುವವನೊಬ್ಬ ಇರುತ್ತಾನೆ, ಸಿಕ್ಕಿದ್ದೆಲ್ಲ ಅವನದು. ಕನ್ನಡದಲ್ಲೇ ಇನ್ನೊಂದು ಪದವಿದೆ, ‘ಬಳಗ’. ಬಳಗದಲ್ಲಿ ಉಂಡವರು ಒಂದು ದಿನ ಉಣಿಸಲೂಬೇಕು. ನಾವು ಕಟ್ಟಿಕೊಳ್ಳುತ್ತಿರುವುದು ಯಾವುದು ಎಂಬ ಪ್ರಶ್ನೆ ಬರೀ ಅನುವಾದದ್ದಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಾನಿರುವ ಒಂದು ಗುಂಪಿನಲ್ಲಿ ಯಾರೋ ಹಂತಿ ಪದಗಳ ಬಗ್ಗೆ ಕೇಳಿದರು. ಕಣದ ನಡುವೆ ನೆಟ್ಟ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸುತ್ತ, ಹಿಂದೆ ನಡೆಯುತ್ತ ಹಾಡುವ ಪದಗಳು ಅವು. ಒಕ್ಕಣೆಯ ಯಂತ್ರ ಬಂದ ಮೇಲೆ ಕಣವೂ ಹೋಯಿತು, ಪದವೂ ಹೋಯಿತು. ಉತ್ತರ ಕರ್ನಾಟಕದ ನಿವೃತ್ತ ಮಾಸ್ತರರೊಬ್ಬರು ಆರು ನಿಮಿಷದ ವಾಯ್ಸ್ ಮೆಸೇಜು ಕಳಿಸಿದರು. ಮೇಟಿಗೆ ಹತ್ತಿರದ ಎತ್ತು ಕಡಿಮೆ ನಡೆಯುತ್ತದೆ, ಆದ್ದರಿಂದ ಅಲ್ಲಿ ವಯಸ್ಸಾದದ್ದನ್ನು ಕಟ್ಟುತ್ತಿದ್ದರು, ಹೊರಗಿನದು ಬಿರುಸಾಗಿರಬೇಕು, ಹಾಡಿನ ಓಟ ಆ ಹೊರಗಿನ ಎತ್ತಿನ ಹೆಜ್ಜೆಗೆ ಹೊಂದಬೇಕು ಎಂದು ವಿವರಿಸಿ, ನಡುವೆ ಎರಡು ನುಡಿ ಹಾಡಿಯೂ ತೋರಿಸಿದರು. ಹಾಡಿನ ಲಯವನ್ನು ಎತ್ತಿನ ಹೆಜ್ಜೆಯಿಂದ ಅಳೆಯಬಹುದೆಂದು ನಾನು ಓದಿದ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ವಿವರ ಒಂದು ವಿಚಾರಸಂಕಿರಣದ ಪ್ರಬಂಧದಲ್ಲಿ ಕಾಣಿಸಿತು, ‘ಕ್ಷೇತ್ರಕಾರ್ಯದಿಂದ ತಿಳಿದುಬಂದಂತೆ’ ಎಂಬ ಮಾತಿನೊಂದಿಗೆ. ಮಾಸ್ತರರಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕರು. “ಇರ್ಲಿ ಬಿಡ್ರಿ. ಅದೇನು ನಮ್ಮಪ್ಪನ ಆಸ್ತಿಯೇನ್ರೀ? ಯಾರಿಗರ ಉಪಯೋಗ ಆತಲ್ಲ, ಸಾಕು.”

ನನ್ನನ್ನು ಕಾಡುತ್ತಿರುವುದು ಈ ‘ಇರ್ಲಿ ಬಿಡ್ರಿ’. ಕೊಟ್ಟವರೇ ಬೇಡವೆಂದ ಮೇಲೆ ಪಡೆದವರ ಋಣ ತೀರಿತೇ? ಹಣದ ಸಾಲವಾದರೆ ತೀರಿತು. ಸಾಲ ಕೊಟ್ಟವನು ಮನ್ನಾ ಮಾಡಿದರೆ ಮುಗಿಯಿತು. ಕಲಿಕೆಯ ಸಾಲ ಹಾಗಲ್ಲ ಎಂದು ನನಗೆ ಅನ್ನಿಸುತ್ತದೆ. ಅವರ ಔದಾರ್ಯ ಅವರದು, ನಮ್ಮ ಪ್ರಾಮಾಣಿಕತೆ ನಮ್ಮದು. ಅವರ ಒಳ್ಳೆಯತನ ನಮ್ಮ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಇನ್ನೂ ಒಂದಿದೆ. ಹೀಗೆ ಸುಲಭವಾಗಿ ‘ಇರ್ಲಿ’ ಎನ್ನುವವರು ಸಾಮಾನ್ಯವಾಗಿ ಯಾರು? ಹಳ್ಳಿಯ ಮಾಸ್ತರರು, ಹಾಡುವ ಮುದುಕಿಯರು, ಪದವಿಯ ಹಂಗಿಲ್ಲದವರು. ಪ್ರಾಧ್ಯಾಪಕರೊಬ್ಬರ ಫೇಸ್‌ಬುಕ್ ಬರಹವನ್ನು ಹೆಸರಿಲ್ಲದೆ ಎತ್ತಿಕೊಳ್ಳಲು ನಮಗೆ ಧೈರ್ಯ ಬರುವುದಿಲ್ಲ.

ನಿಯಮಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿ ಹೋಲಿಕೆಯನ್ನು ಶೇಕಡಾವಾರು ಅಳೆಯುತ್ತದೆ. ಶೇ. 10ರವರೆಗೆ ದಂಡವಿಲ್ಲ, 40, 60 ದಾಟಿದಂತೆ ಶಿಕ್ಷೆ ಏರುತ್ತದೆ. ತಂತ್ರಾಂಶ ಹುಡುಕುವುದು ಅಕ್ಷರವನ್ನು. ವಾಯ್ಸ್ ಮೆಸೇಜಿನಿಂದ ಎತ್ತಿದ ತಿಳಿವಳಿಕೆ ಅದರ ಕಣ್ಣಿಗೆ ಸೊನ್ನೆ. ಎಪಿಎ ಉಲ್ಲೇಖ ಶೈಲಿಯಲ್ಲಿ ಖಾಸಗಿ ಸಂದೇಶವನ್ನು ಪಠ್ಯದೊಳಗೆ ಹೆಸರಿಸಬೇಕು, ಕೊನೆಯ ಪಟ್ಟಿಗೆ ಸೇರಿಸುವಂತಿಲ್ಲ. ಓದುಗರು ಅದನ್ನು ಹುಡುಕಿ ನೋಡಲಾಗದು ಎಂಬುದು ಕಾರಣ. ಅಂದರೆ ಋಣ ಉಂಟು, ಪಟ್ಟಿಯಲ್ಲಿ ಜಾಗ ಇಲ್ಲ.

ಮಾಧ್ಯಮದ ಕಟ್ಟೋಣವೂ ಮರೆವಿಗೆ ಸಹಾಯ ಮಾಡುತ್ತದೆ. ವಾಟ್ಸಾಪಿನಲ್ಲಿ ಒಂದು ಸಂದೇಶವನ್ನು ಮುಂದೆ ಕಳಿಸಿದರೆ ‘ಫಾರ್ವರ್ಡೆಡ್’ ಎಂಬ ಗುರುತು ಬರುತ್ತದೆ. 2018ರಲ್ಲಿ ಸುಳ್ಳುಸುದ್ದಿಗಳ ಗದ್ದಲದ ನಡುವೆ ಸೇರಿಸಿದ ಗುರುತು ಅದು. ಇದು ಎಲ್ಲಿಂದಲೋ ಬಂದದ್ದು ಎಂದು ಹೇಳುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ಟೆಲಿಗ್ರಾಂ, ಕಳಿಸಿದವರು ಅಡಗಿಸಿಡದಿದ್ದರೆ, ಮೂಲದ ಹೆಸರನ್ನು ಜೊತೆಗೇ ಒಯ್ಯುತ್ತದೆ.

ಬಾಯಿಂದ ಬಾಯಿಗೆ ಹೋಗುವ ಜ್ಞಾನಕ್ಕೆ ಹೆಸರೇಕೆ, ನಮ್ಮ ಪರಂಪರೆಯೇ ಹಾಗೆ ಎಂದು ವಾದಿಸುವ ಗೆಳೆಯರಿದ್ದಾರೆ. ವಚನದ ಅಂಕಿತವನ್ನು ಅವರು ಮರೆತಂತಿದೆ. ಅಂಕಿತ ಇಷ್ಟದೈವದ್ದೇ ಇರಬಹುದು, ಆದರೆ ಎಷ್ಟು ಬಾಯಿ ದಾಟಿದರೂ ಆಡಿದವರ ಗುರುತು ಮಾತಿನ ಜೊತೆಗೇ ನಡೆಯಿತು. ಜನಪದ ಹಾಡಿಗೆ ಅಂಥ ರಕ್ಷೆ ಇರಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರ ಬಳಗವೊಂದಿತ್ತು, ಹಳ್ಳಿಯಲ್ಲೇ ಕೂತು ಕೂಡಿ ಕಲಿತ ಬಳಗ. ಹೆಣ್ಣುಮಕ್ಕಳು ಬೀಸುತ್ತ ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ ಅವರು 1931ರಲ್ಲಿ ‘ಗರತಿಯ ಹಾಡು’ ತಂದರು. ಇವತ್ತು ನಮ್ಮ ನಾಲಿಗೆಯ ಮೇಲೆ ಕೂಡಿಸಿದವರ ಹೆಸರುಗಳಿವೆ. ಹಾಡಿದವರೆಲ್ಲ ‘ಗರತಿ’ ಎಂಬ ಒಂದೇ ಪದದೊಳಗೆ ಸೇರಿಹೋಗಿದ್ದಾರೆ. ಹಲಸಂಗಿಯವರು ಬರೆದಿಡದಿದ್ದರೆ ಎಷ್ಟೋ ಹಾಡುಗಳು ನಮಗೆ ಸಿಗುತ್ತಿರಲಿಲ್ಲ, ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಹೆಸರು, ಊರು, ದನಿ ಎಲ್ಲ ಅಂಗೈಯಲ್ಲೇ ಇರುವ ಕಾಲದಲ್ಲಿ ನಾವೇನು ನೆಪ ಹೇಳುತ್ತೇವೆ?

ಹೆಸರು ಹಾಕುವುದೊಂದೇ ನ್ಯಾಯವೂ ಅಲ್ಲ. ಅತ್ತೆಮನೆಯ ದುಃಖವನ್ನು ಹಾಡುವ ಅಜ್ಜಿಗೆ ತನ್ನ ಹೆಸರು ಬೇಡವಾಗಿರಬಹುದು. ಮೊಮ್ಮಗ ರೆಕಾರ್ಡು ಮಾಡಿ ಒಬ್ಬರಿಗೆಂದು ಕಳಿಸಿದ್ದು ನೂರಾರು ಜನರ ಗುಂಪಿಗೆ ಹೋಗಿ, ಅಲ್ಲಿಂದ ಯೂಟ್ಯೂಬಿಗೆ ಏರಿದರೆ, ಅವಳು ಒಪ್ಪಿದ್ದು ಯಾವುದಕ್ಕೆ? ಪ್ರತಿ ಹೆಜ್ಜೆಗೂ ಕೇಳುತ್ತ ಕೂತರೆ ಕಲಿಕೆ ನಿಧಾನವಾಗುತ್ತದೆ ಎನ್ನುತ್ತಾರೆ. ಆಗಲಿ. ಐದು ವರ್ಷ ಹಿಡಿಯುವ ಪಿಎಚ್.ಡಿ.ಗೆ ಎರಡು ಫೋನು ಕರೆ ಹೆಚ್ಚಾಗದು.

ಇನ್ನು ಬಳಗದ ಒಳಗೇ ಬರಲಾಗದವರಿದ್ದಾರೆ. ವಾಟ್ಸಾಪ್ ಗುಂಪಿಗೆ ಸೇರಿದೊಡನೆ ಫೋನ್ ನಂಬರು ಎಲ್ಲರ ಕೈಗೆ. ರಾತ್ರಿ ಅಪರಿಚಿತರ ‘ಹಾಯ್ ಮೇಡಂ’ಗಳಿಗೆ ಬೇಸತ್ತು ಗುಂಪು ಬಿಟ್ಟ ಗೆಳತಿಯರು ನನಗಿದ್ದಾರೆ. ಅವರು ಈಗ ಬೇರೆಯವರು ದಾಟಿಸಿದ್ದನ್ನಷ್ಟೇ ಓದುತ್ತಾರೆ, ಮರುಮಾತಾಡುವ ಅವಕಾಶವಿಲ್ಲ. ಕಣ್ಣು ಕಾಣದ ಸಹಪಾಠಿಗೆ ನಾವು ಹಂಚುವ ಹಳೆಯ ಪುಸ್ತಕಗಳ ಸ್ಕ್ಯಾನು ಬರೀ ಚಿತ್ರ. ಅವನ ಸ್ಕ್ರೀನ್ ರೀಡರ್ ಅದರ ಮುಂದೆ ಮೂಕ. ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು 2012ರ ಕಾಪಿರೈಟ್ ತಿದ್ದುಪಡಿ ಅವಕಾಶ ಕೊಟ್ಟಿದೆ. ಕಾನೂನು ದಾರಿ ಬಿಟ್ಟಿದೆ, ಯುನಿಕೋಡಿನಲ್ಲಿ ಟೈಪು ಮಾಡಿಕೊಡುವ ಪುರಸೊತ್ತು ಗುಂಪಿಗಿಲ್ಲ.

ಜಾನಪದದ ಪ್ರಬಂಧಗಳಲ್ಲಿ ಗ್ರಂಥಋಣದ ಪಕ್ಕದಲ್ಲೇ ‘ವಕ್ತೃಗಳ ಪಟ್ಟಿ’ ಎಂಬ ಅನುಬಂಧ ಇರುತ್ತದೆ. ಹೆಸರು, ಊರು, ವಯಸ್ಸು, ಕಸುಬು. ಮುಖಾಮುಖಿ ಕಂಡವರಿಗಾಗಿ ಮಾಡಿದ ಪಟ್ಟಿ ಅದು, ಆದರೆ ಗುಂಪಿನಲ್ಲಿ ಕಲಿಸಿದವರನ್ನು ಅಲ್ಲಿ ಸೇರಿಸಬಾರದೆಂದು ಯಾರೂ ಹೇಳಿಲ್ಲ. ಮಾಸ್ತರರಿಗೆ ಮತ್ತೆ ಫೋನು ಮಾಡಿ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನ್ನ ಹೆಸರು ಬ್ಯಾಡ್ರಿ. ಹಾಕೂದಾದ್ರ ನಮ್ಮಪ್ಪನ ಹೆಸರು ಹಾಕ್ರಿ. ಹಂತಿ ಹೊಡದಾಂವ ಅಂವ, ನಾ ಬರೇ ಕೇಳಿದಾಂವ.”

ಪಟ್ಟಿಯಲ್ಲಿ ವಯಸ್ಸಿಗೊಂದು ಕಲಂ ಇದೆ. ತೀರಿಹೋದವರ ಎದುರು ಅಲ್ಲೇನು ಬರೆಯಬೇಕೆಂದು ಗೈಡ್ ಅವರನ್ನು ಕೇಳಬೇಕು.