ಒಲ್ಲೆ ಅಂದ್ರ ಹಾರ್ಮೋನಿನ ತಪ್ಪೇನು?

ಸಾಂಬ್ರಾದಲ್ಲಿ ವಿಮಾನ ಹತ್ತಿದರೆ ಒಂದೆರಡು ತಾಸಿನೊಳಗೆ ಬೆಂಗಳೂರು. ಅಲ್ಲಿ ನೌಕರಿ, ಸ್ವಂತ ಸಂಬಳ, ಬಾಡಿಗೆ ಮನೆ, ಜೊತೆಗೊಬ್ಬ ಗೆಳತಿ. ಆ ಗೆಳತಿ ಬರೀ ರೂಮ್‌ಮೇಟ್ ಅಲ್ಲ ಅನ್ನೋದು ಬೆಳಗಾವಿ ಕಡೆಯ ಮನೆಯೊಂದರಲ್ಲಿ ಗೊತ್ತಾಯಿತು ಅಂದುಕೊಳ್ಳಿ. ಅಳು, ಸಿಟ್ಟು ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ಸಮಾಧಾನದ ಮಾತು ಆಡುತ್ತಾರೆ: "ಹಾರ್ಮೋನ್ ಏರುಪೇರು ಆಗಿರ್ತಾವ್ರೀ. ಒಮ್ಮೆ ರಕ್ತ ಚೆಕ್ ಮಾಡಸ್ರಿ."

ಈ ಮಾತಿನಲ್ಲಿ ದ್ವೇಷ ಇಲ್ಲ, ಕಾಳಜಿನೇ ಇದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ವಿಜ್ಞಾನ. ಒಬ್ಬ ಹೆಣ್ಣುಮಗಳಿಗೆ ಯಾರ ಮೇಲೆ ಮನಸ್ಸಾಗುತ್ತದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ. ಬೆಳೆದವರಲ್ಲಿ ಹಾರ್ಮೋನು ಆಸೆಯ ಜೋರನ್ನು ಹೆಚ್ಚು ಕಡಿಮೆ ಮಾಡಬಹುದು, ಆಸೆಯ ದಿಕ್ಕನ್ನು ತಿರುಗಿಸುವುದಿಲ್ಲ. ಇದು ಗೊತ್ತಾಗೋಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. ಕಂಪ್ಯೂಟರ್ ವಿಜ್ಞಾನದ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್‌ಗೆ 1952ರಲ್ಲಿ ಬ್ರಿಟನ್ನಿನ ಕೋರ್ಟು ಜೈಲಿನ ಬದಲು ಈಸ್ಟ್ರೋಜನ್ ಚಿಕಿತ್ಸೆ ಕೊಡಿಸಿತು. 1954ರಲ್ಲಿ ಆತ ತೀರಿಕೊಂಡ. ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ.

ಹಾಗಂತ ಹಾರ್ಮೋನಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋದೂ ಸುಳ್ಳು. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ಒಂದು ಬಗೆಯ ತೊಂದರೆ ಇರುವ ಹುಡುಗಿಯರು ಗರ್ಭದಲ್ಲಿ ಹೆಚ್ಚು ಆಂಡ್ರೋಜನ್ ಕಂಡಿರುತ್ತಾರೆ. ಅವರಲ್ಲಿ ಹೆಂಗಸರನ್ನು ಇಷ್ಟಪಡುವವರ ಪಾಲು ಬೇರೆಯವರಿಗಿಂತ ಜಾಸ್ತಿ. ಆದರೂ ಅವರಲ್ಲಿ ಹೆಚ್ಚಿನವರು ಇಷ್ಟಪಡುವುದು ಗಂಡಸರನ್ನೇ. ಅಂದರೆ ಹಾರ್ಮೋನು ಪ್ರಭಾವ ಬೀರಬಹುದು, ತೀರ್ಪು ಕೊಡುವುದಿಲ್ಲ. ವಂಶವಾಹಿಯ ಕತೆಯೂ ಇಷ್ಟೇ. ಸುಮಾರು 5 ಲಕ್ಷ ಜನರ ಮಾಹಿತಿ ಜಾಲಾಡಿದ 2019ರ ಅಧ್ಯಯನಕ್ಕೆ ಒಂದು 'ಸಲಿಂಗಿ ಜೀನ್' ಸಿಗಲಿಲ್ಲ.

ಗಂಡಸರನ್ನು ಇಷ್ಟಪಡುವ ಹೆಂಗಸರನ್ನೂ ಸಂಶೋಧಕರು ಬಿಟ್ಟಿಲ್ಲ. ತಿಂಗಳಿನ ಫಲವತ್ತಾದ ದಿನಗಳಲ್ಲಿ ಹೆಂಗಸರಿಗೆ ಗಡಸು ಮುಖದ ಗಂಡಸರು ಹೆಚ್ಚು ಹಿಡಿಸುತ್ತಾರೆ ಅಂತ 1999ರಲ್ಲಿ ಒಂದು ಅಧ್ಯಯನ ಹೇಳಿತು. 2018ರಲ್ಲಿ 584 ಹೆಂಗಸರ ಹಾರ್ಮೋನು ಅಳೆದು ನೋಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ಈಗ ನನ್ನ ಪ್ರಶ್ನೆ. "ಹುಡುಗ ಎತ್ತರ ಇರಬೇಕು, ಸಾಫ್ಟ್‌ವೇರ್ ಇರಬೇಕು, ನಗ್ತಾ ಮಾತಾಡಬೇಕು" ಅನ್ನುವ ಹುಡುಗಿಗೆ ಯಾರಾದರೂ ಥೈರಾಯ್ಡ್ ಟೆಸ್ಟ್ ಮಾಡಿಸ್ತಾರಾ? ಅವಳ ಆಸೆಯ ಹಿಂದೆಯೂ ಅದೇ ರಕ್ತ, ಅದೇ ರಸಾಯನ. ಆದರೂ ಅವಳದು 'ಇಷ್ಟ', ಇವಳದು 'ಲಕ್ಷಣ'. ನಮಗೆ ಒಪ್ಪಿಗೆಯಾದದ್ದಕ್ಕೆ ಕಾರಣ ಕೇಳುವುದಿಲ್ಲ. ಒಪ್ಪಿಗೆ ಇಲ್ಲದ್ದಕ್ಕೆ ಮಾತ್ರ ಕಾರಣ ಹುಡುಕ್ತೀವಿ.

ನಮ್ಮ ಸೀಮೆಗೆ ಇದು ಹೊಸದಲ್ಲ. ಇದೇ ಜಿಲ್ಲೆಯ ಸವದತ್ತಿ ಗುಡ್ಡದಲ್ಲಿ ಗಂಡಾಗಿ ಹುಟ್ಟಿ ಸೀರೆ ಉಟ್ಟ ಜೋಗಪ್ಪಗಳಿಗೆ ತಲೆಮಾರುಗಳಿಂದ ಒಂದು ಜಾಗ ಇದೆ. ಯಾಕೆ? ಯಲ್ಲಮ್ಮ ಕರೆದಳು, ಅವರ ಕೈಯಲ್ಲಿ ಏನೂ ಇರಲಿಲ್ಲ ಅಂತ. ಆಗ ದೇವಿ, ಈಗ ಹಾರ್ಮೋನು. ಎರಡೂ ಹೇಳುವುದು ಒಂದೇ ಮಾತು: "ಪಾಪ, ಆಕಿ ತಪ್ಪಲ್ಲ." ಕೇಳೋಕೆ ಕರುಣೆಯ ಮಾತು. ಆದರೆ ತಪ್ಪು ಅಂತ ಒಂದು ಇದೆ ಅಂದುಕೊಂಡಾಗ ಮಾತ್ರ ಅದು ಯಾರದಲ್ಲ ಅಂತ ಹೇಳಬೇಕಾಗುತ್ತದೆ.

'ಹುಟ್ಟಿದ್ದೇ ಹೀಗೆ' ಅನ್ನೋ ವಾದದ ತೊಡಕೂ ಇಲ್ಲೇ ಇದೆ. ಅದು ಎಷ್ಟೋ ಜನರನ್ನು ಕಾಪಾಡಿದೆ, ಒಪ್ಪುತ್ತೇನೆ. ಆದರೆ ಇಬ್ಬರನ್ನೂ, ಗಂಡನ್ನೂ ಹೆಣ್ಣನ್ನೂ, ಪ್ರೀತಿಸಬಲ್ಲ ಹುಡುಗಿಗೆ ಅದು ಏನು ಹೇಳುತ್ತದೆ? "ನಿನಗ ಹುಡುಗರೂ ಸೇರತಾರಲ್ಲ, ಹಂಗಾರ ಮದುವಿ ಆಗಿಬಿಡು." ಬೇರೆ ದಾರಿ ಇಲ್ಲದವರಿಗಷ್ಟೇ ಮಾಫಿ ಅನ್ನುವುದಾದರೆ, ದಾರಿ ಇದ್ದೂ ಗೆಳತಿಯನ್ನು ಆರಿಸಿಕೊಂಡವಳು ಮತ್ತೆ ಅಪರಾಧಿಯೇ. ಇನ್ನೊಂದು ಅಪಾಯವೂ ಇದೆ. ಕಾರಣ ಸಿಕ್ಕರೆ ಮುಂದಿನ ಹೆಜ್ಜೆ ಔಷಧಿ. ಸುಪ್ರೀಂ ಕೋರ್ಟು 2018ರಲ್ಲೇ ಇದನ್ನು ಅಪರಾಧದ ಪಟ್ಟಿಯಿಂದ ತೆಗೆದರೂ, ಮದ್ರಾಸ್ ಹೈಕೋರ್ಟಿನ ಆದೇಶದ ನಂತರ, 2022ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ 'ಬದಲಾಯಿಸುವ ಚಿಕಿತ್ಸೆ' ವೃತ್ತಿ ದುರ್ನಡತೆ ಅಂತ ಹೇಳಬೇಕಾಯಿತು. ಅಂಥ ಚಿಕಿತ್ಸೆ ನಡೀತಾ ಇತ್ತು ಅಂತ ತಾನೇ ಅರ್ಥ?

ಇದರ ಭಾರ ಬೀಳುವುದು ಅವಳೊಬ್ಬಳ ಮೇಲಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂತ ಮದುವೆ ಮಾಡಿದರೆ, ಏನೂ ಗೊತ್ತಿಲ್ಲದ ಒಬ್ಬ ಹುಡುಗನ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರೀತಿ ಎಲ್ಲಿಂದ ಬಂತು ಅನ್ನೋದು ವಿಜ್ಞಾನದ ಪ್ರಶ್ನೆ, ಒಳ್ಳೆಯ ಪ್ರಶ್ನೆ, ಲ್ಯಾಬಿನಲ್ಲಿ ನಡೆಯಲಿ. ಅದು ಸರಿಯೋ ತಪ್ಪೋ ಅನ್ನೋದಕ್ಕೆ ಬೇರೆ ಅಳತೆ ಬೇಕು: ಇಬ್ಬರಿಗೂ ಒಪ್ಪಿಗೆ ಇದೆಯಾ, ಮೋಸ ಇಲ್ಲವಾ, ಒಬ್ಬರಿಗೊಬ್ಬರು ಆಸರೆ ಆಗ್ತಾರಾ? ಈ ಅಳತೆ ಗಂಡ ಹೆಂಡತಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ. ನಮಗೆ ಹೆದರಿಕೆ ಇರೋದು ಅಲ್ಲೇ ಇರಬಹುದು. ಹಾಗೆ ಅಳೆಯೋಕೆ ಕೂತರೆ ಊರು ಮೆಚ್ಚಿದ ಎಷ್ಟು ಸಂಸಾರಗಳು ಪಾಸಾಗ್ತಾವೆ?

ಮಗಳಿಗೆ ಕೇಳಲೇಬೇಕು ಅಂದರೆ ಒಂದೇ ಪ್ರಶ್ನೆ ಸಾಕು: "ಆಕಿ ನಿನ್ನ ಚಲೋ ನೋಡ್ಕೋತಾಳೇನವ್ವಾ?" ಇದಕ್ಕೆ ಉತ್ತರ ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರುವುದಿಲ್ಲ. ಅವಳೇ ಹೇಳಬೇಕು, ನಾವು ಕೂತು ಕೇಳಬೇಕು.