ದೇವದಾರುವಿನ ಪರಿಮಳ, ಶ್ರೀಗಂಧದ ಹೆಸರು



ಭಗವಂತನ ಷೋಡಶೋಪಚಾರಗಳಲ್ಲಿ ಗಂಧವೂ ಧೂಪವೂ ಪ್ರತ್ಯೇಕವಾಗಿ ಎಣಿಸಲ್ಪಟ್ಟಿವೆ. ಎರಡೂ ಪರಿಮಳದ ಸೇವೆಯೇ ಆದರೂ ಒಂದು ಇನ್ನೊಂದಾಗದು. ಈ ಭೇದವನ್ನು ಅಲಕ್ಷಿಸಿ ನಾವು ಮಾಡಿದ ಒಂದು ಅಪರಾಧವನ್ನು ತಮ್ಮ ಮುಂದೆ ನಿವೇದಿಸಿ, ಅದರಿಂದ ಕಲಿತುದನ್ನು ಹೇಳಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ, ಅಕ್ಷಯ ತೃತೀಯೆಯ ಗಂಧಲೇಪನಕ್ಕಾಗಿ, ಸಾಣೆಕಲ್ಲಿನ ಶ್ರಮಕ್ಕೆ ಅಂಜಿ ನಾವು ಪೇಟೆಯಿಂದ ಗಂಧದ ಪುಡಿಯನ್ನೂ, ‘ಶುದ್ಧ ಶ್ರೀಗಂಧದ ಎಣ್ಣೆ’ ಎಂದು ಹೇಳಿ ಕೊಟ್ಟ ಒಂದು ಸೀಸೆಯನ್ನೂ ತಂದೆವು. ಇದು ಶುದ್ಧ ಶ್ರೀಗಂಧವೆಂದು ಸೇವಾಕರ್ತರಿಗೂ ತಿಳಿಸಿಬಿಟ್ಟೆವು. ಹಿಂದಿನ ಸಂಜೆ ರಾಜೀವನಗರದ ಮನೆಯಲ್ಲಿ ನಮ್ಮ ತೀರ್ಥರೂಪರು ಎರಡು ಹನಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ‘ಇದು ಬೆಟ್ಟದ ಮರದ ವಾಸನೆ, ಶ್ರೀಗಂಧವಲ್ಲ, ದೇವದಾರು’ ಎಂದರು. ಶ್ರೀಗಂಧದ ಕಂಪು ಮೃದು, ಕೆನೆಯಂತೆ ನಿಧಾನವಾಗಿ ಹರಡುವಂತಹುದು. ಆ ಎಣ್ಣೆಯಲ್ಲಿದ್ದುದು ರಾಳದ ಚುರುಕು, ಆಗತಾನೆ ಸೀಳಿದ ಕಟ್ಟಿಗೆಯ ಒಗರು.

ದೇವದಾರು ಹೀನವಾದ ಮರವೆಂದು ಯಾರೂ ಭಾವಿಸಬಾರದು. ಸೂಜಿಯಂತಹ ಎಲೆಗಳ ಈ ಮಹಾವೃಕ್ಷ ಪಶ್ಚಿಮ ಹಿಮಾಲಯದಲ್ಲಿ ಸುಮಾರು 1500ರಿಂದ 3000 ಮೀಟರ್ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಶ್ರೀಮದಾಚಾರ್ಯರು ಬದರಿಕಾಶ್ರಮಕ್ಕೆ ನಡೆದುಹೋದ ಗಢವಾಲದ ಸೀಮೆಯಲ್ಲಿಯೂ ಉಂಟು. ಮನಾಲಿಯಲ್ಲಿ ಭೀಮಸೇನದೇವರ ಪತ್ನಿಯಾದ ಹಿಡಿಂಬೆಗೆ 1553ರಲ್ಲಿ ಕಟ್ಟಿದ ಮರದ ಗುಡಿ ಇಂದಿಗೂ ದೇವದಾರು ವನದ ನಡುವೆಯೇ ಇದೆ. ಪಾಠಶಾಲೆಯಲ್ಲಿ ರಘುವಂಶದ ಎರಡನೆಯ ಸರ್ಗವನ್ನು ಓದಿದವರಿಗೆ ನೆನಪಿರಬಹುದು: ಪಾರ್ವತಿಯು ಮಗನಂತೆ ನೀರೆರೆದು ಬೆಳೆಸಿದ ದೇವದಾರುವಿನ ತೊಗಟೆಯನ್ನು ಕಾಡಾನೆಯೊಂದು ಉಜ್ಜಿ ಕಿತ್ತಾಗ ಆಕೆ ಸ್ಕಂದನೇ ಗಾಯಗೊಂಡಂತೆ ಮರುಗಿದಳು, ಆ ಮರದ ಕಾವಲಿಗೆ ಶಿವನು ಸಿಂಹವನ್ನು ನಿಯಮಿಸಿದನು.

ಇದರ ಕಟ್ಟಿಗೆಯ ಚೂರುಗಳಿಗೆ ಹಬೆ ಹಾಯಿಸಿ ಎಣ್ಣೆಯನ್ನು ಇಳಿಸುತ್ತಾರೆ. ಅದರಲ್ಲಿ ಪ್ರಧಾನವಾದವು, ಹಿಮಾಚಲದ ಹೆಸರನ್ನೇ ಹೊತ್ತ ಹಿಮಾಚಲೀನ್ ಎಂಬ ದ್ರವ್ಯಗಳು. ಇವು ಭಾರವಾದವು, ಬೇಗ ಆರಿಹೋಗವು. ಆದುದರಿಂದ ಸುಗಂಧ ತಯಾರಕರು ಇದನ್ನು ತಳಹದಿಯಾಗಿ ಇಡುತ್ತಾರೆ. ನಿಂಬೆಯಂತಹ ಚಂಚಲವಾದ ಪರಿಮಳಗಳು ಕ್ಷಣದಲ್ಲಿ ಹಾರಿಹೋಗುವಾಗ ಇದು ಕೆಳಗೆ ನಿಂತು ಸುಗಂಧವನ್ನು ಉಳಿಸುತ್ತದೆ. ತಾನು ಮೆರೆಯದೆ ಇತರರನ್ನು ಹೊತ್ತು ನಿಲ್ಲುವ ಈ ಗುಣ ದಾಸನ ಗುಣವಲ್ಲವೆ?

ಆದರೆ ಇದೇ ಗುಣವನ್ನು ಮೋಸಕ್ಕೂ ಬಳಸುವುದುಂಟು. ಮೊದಲನೆಯ ಮಹಾಯುದ್ಧದಿಂದ ಕೊರಡುಗಳ ರಫ್ತು ಕುಂಠಿತವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಸಂಸ್ಥಾನವು ಗಂಧದೆಣ್ಣೆಯ ತಯಾರಿಕೆಯನ್ನು ಆರಂಭಿಸಿತು. ಅಂದಿನಿಂದ ಮೈಸೂರಿನ ಹೆಸರು ಆ ಎಣ್ಣೆಯೊಡನೆ ಲೋಕವನ್ನೆಲ್ಲ ಸುತ್ತಿದೆ. ಬೆಲೆ ಏರಿದಂತೆ ಅಗ್ಗದ ದೇವದಾರು ಎಣ್ಣೆಯನ್ನು ಬೆರೆಸಿ ಶ್ರೀಗಂಧವೆಂದು ಮಾರುವವರೂ ಹುಟ್ಟಿಕೊಂಡರು. ಹೆಸರಿನಲ್ಲಿಯೂ ಗೊಂದಲವಿಲ್ಲದಿಲ್ಲ: ನಮ್ಮ ಒಣಕಾಡುಗಳ ಒಂದು ಕಿರುಮರಕ್ಕೂ ದೇವದಾರುವೆನ್ನುತ್ತಾರೆ, ಅದು ಹಿಮಾಲಯದ ಮರದ ಕುಲಕ್ಕೆ ಸೇರಿದುದೇ ಅಲ್ಲ.

ತೀರ್ಥರೂಪರು ಆ ಸಂಜೆ ಅಂಗಡಿಯವನನ್ನು ಬಯ್ಯಲಿಲ್ಲ. ‘ಪಂಚಭೇದಗಳನ್ನು ಹೇಳು’ ಎಂದರು. ಜೀವೇಶ್ವರ ಭೇದ, ಜೀವ ಜೀವ ಭೇದ, ಜಡೇಶ್ವರ ಭೇದ, ಜಡ ಜೀವ ಭೇದ, ಜಡ ಜಡ ಭೇದ ಎಂದು ಒಪ್ಪಿಸಿದೆವು. ‘ಕೊನೆಯದನ್ನು ಬಾಯಲ್ಲಿ ಹೇಳಿದೆ, ಮೂಗಿನಲ್ಲಿ ಮರೆತೆ. ಒಂದು ಜಡಕ್ಕೂ ಇನ್ನೊಂದಕ್ಕೂ ಇರುವ ಭೇದ ಸತ್ಯವೆಂದ ಮೇಲೆ, ದೇವದಾರುವನ್ನು ಶ್ರೀಗಂಧವೆಂದು ದೇವರ ಮುಂದಿಡುವುದು ಸಿದ್ಧಾಂತಕ್ಕೆ ದ್ರೋಹವಲ್ಲವೆ? ದೇವದಾರುವನ್ನು ದೇವದಾರುವೆಂದೇ ಹೇಳಿ ಧೂಪಕ್ಕೆ ಅರ್ಪಿಸು, ಸ್ವಾಮಿಯು ಸ್ವೀಕರಿಸುತ್ತಾನೆ.’

ಅನಂತರ ತಾವೇ ಸಾಣೆಯ ಮುಂದೆ ಕುಳಿತರು. ಮನೆಯಲ್ಲಿದ್ದುದು ಗೇಣುದ್ದದ ಒಂದೇ ಕೊರಡು. ನಡುರಾತ್ರಿಯವರೆಗೆ ಇಬ್ಬರೂ ಸರದಿಯಲ್ಲಿ ತೇದೆವು; ಕೈಗಳು ಸೋತವು, ಬಟ್ಟಲು ಅರ್ಧವೂ ತುಂಬಲಿಲ್ಲ. ಪ್ರಾತಃಕಾಲ ಅಷ್ಟನ್ನೇ ಸ್ವಾಮಿಯ ವಕ್ಷಃಸ್ಥಲಕ್ಕೆ ಲೇಪಿಸಿದೆವು. ಮಂಗಳಾರತಿಯ ಅನಂತರ, ಹೇಳಿದ ಮಾತು ತಪ್ಪಾಗಿತ್ತೆಂದು, ಈ ದಿನದ ಗಂಧ ಸ್ವಲ್ಪವೇ ಎಂದು ಸೇವಾಕರ್ತರೆದುರು ಒಪ್ಪಿಕೊಳ್ಳಬೇಕಾಯಿತು. ಆ ನಾಚಿಕೆ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ.

ಆದುದರಿಂದ ತಮ್ಮಲ್ಲಿ ಒಂದೇ ಪ್ರಾರ್ಥನೆ. ಶ್ರೀಗಂಧವು ದೊರೆತಷ್ಟನ್ನೇ, ಒಂದು ಬೊಟ್ಟಾದರೂ ಸರಿ, ತೇದು ಅರ್ಪಿಸಿರಿ. ದೊರೆಯದಿದ್ದರೆ ಇದ್ದುದನ್ನು ಅದರದೇ ಹೆಸರಿನಿಂದ ಅರ್ಪಿಸಿರಿ. ಅಲ್ಪವಾದುದನ್ನು ಭಗವಂತನು ಒಲ್ಲೆನೆನ್ನುವುದಿಲ್ಲ. ಸುಳ್ಳು ಹೆಸರು ಮಾತ್ರ ಅವನ ಸನ್ನಿಧಿಯಲ್ಲಿ ನಿಲ್ಲದು.

॥ ಶ್ರೀಕೃಷ್ಣಾರ್ಪಣಮಸ್ತು ॥